ನೀಲಿಗೆ ನೀಲಿ ದಾರ

"ರೀ, ಬೋರ್ಡು ಎಲ್ರೀ?"

"ನಿನ್ನ ಕಣ್ಣ ಮುಂದೇನೇ ಇದೆಯಲ್ಲೇ!"

ದರ್ಜಿ ಮತ್ತು ಅವನ ಹೆಂಡತಿ ರಸ್ತೆಯ ಆಚೆ ಬದಿಗೆ ನಿಂತು ತಮ್ಮ ಹೊಸ ಅಂಗಡಿಯನ್ನೇ ದಿಟ್ಟಿಸುತ್ತಿದ್ದಾರೆ. ಅಂಗಡಿ ಶುರುವಾದದ್ದು ಇವತ್ತೇ. ಮಧ್ಯಾಹ್ನವಾದರೂ ಗಿರಾಕಿಗಳ ಸುಳಿವಿಲ್ಲ. ಗೋಡೆ ನೀಲಿ, ಬೋರ್ಡು ನೀಲಿ, ಅಕ್ಷರಗಳೂ ನೀಲಿ.

ಹೆಂಡತಿ: ಗೋಡೆಗೆ ಒಪ್ಪೋ ಬಣ್ಣ ತನ್ನಿ ಅಂದ್ರೆ ಗೋಡೇನೇ ತಂದಿದೀರಲ್ಲ!

ದರ್ಜಿ: ಗೋಡೆ ಬಣ್ಣದ ಚಕ್ಕೆ ಕಿತ್ಕೊಂಡು ಹೋಗಿ, ಬಿಸಿಲಿಗೆ ಹಿಡಿದು ನೋಡಿ ತಂದಿದೀನಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನೀಲಿ ಬಟ್ಟೆಗೆ ನೀಲಿ ದಾರ, ಹೊಲಿಗೆ ಕಾಣಬಾರದು. ಇಷ್ಟು ವರ್ಷ ಅದೇ ನನ್ನ ಕಸುಬು ಕಣೇ.

ಹೆಂಡತಿ: ಇದು ಹೊಲಿಗೆ ಅಲ್ರೀ, ಬೋರ್ಡು! ಬೆಳಿಗ್ಗೆಯಿಂದ ಒಳಗೆ ಬಂದಿದ್ದು ಒಂದು ನೊಣ. ಅದೂ ದಾರಿ ತಪ್ಪಿ.

ದರ್ಜಿ: ಹಾಗಾದ್ರೆ ಅಕ್ಷರಕ್ಕೆ ಕಡುನೀಲಿ ಹಾಕ್ಲಾ?

ಹೆಂಡತಿ: ಅಬ್ಬಬ್ಬಾ, ಏನು ಧೈರ್ಯ!

ಪೇಂಟ್ ಅಂಗಡಿಯವರು ಕೊಟ್ಟಿದ್ದ ಬಣ್ಣದ ಚಕ್ರವನ್ನು ಅವಳು ಅವನ ಮೂಗಿನ ಹತ್ತಿರ ಹಿಡಿದಳು.

ಹೆಂಡತಿ: ನೀಲಿಗೆ ನೇರ ಎದುರು ಯಾವುದಿದೆ?

ದರ್ಜಿ: ಕಿತ್ತಳೆ.

ಹೆಂಡತಿ: ಎದುರುಬದುರು ಕೂತಿರೋ ಬಣ್ಣಗಳು ಒಂದನ್ನೊಂದು ಎತ್ತಿ ತೋರಿಸ್ತವೆ.

ದರ್ಜಿ: ಜಗಳ ಆಡಲ್ವಾ?

ಹೆಂಡತಿ: ಆಡ್ಲಿ ಬಿಡಿ. ಜಗಳ ಆದ್ರೆ ತಾನೇ ಜನ ತಿರುಗಿ ನೋಡೋದು? ಆಗಿನಿಂದ ನಮ್ಮನ್ನ ಎಷ್ಟು ಜನ ನೋಡ್ತಿದಾರೆ ನೋಡಿ!

ದರ್ಜಿ: ಹೌದಲ್ವೇ! ಕಾಣಬೇಕು ಅಂದ್ರೆ ಎದುರು ಬಣ್ಣ!

ಹೆಂಡತಿ: ಸದ್ಯ, ತಲೆಗೆ ಹೋಯ್ತಲ್ಲ.

ಅವಳು ಕಿತ್ತಳೆ ಪೇಂಟ್ ತರಲು ಹೊರಟಳು. ದರ್ಜಿ ಅಂಗಡಿಯೊಳಗೆ ಕಾಲಿಡುವಷ್ಟರಲ್ಲಿ ಪಕ್ಕದ ಶಾಲೆಯ ಮೇಷ್ಟ್ರು ಚೀಲವನ್ನು ಹಿಂದೆ ಅಡ್ಡ ಹಿಡಿದುಕೊಂಡು ಓಡಿ ಬಂದರು.

ಮೇಷ್ಟ್ರು: ಅಂಗಡಿ ಇರೋದೇ ಗೊತ್ತಿರ್ಲಿಲ್ಲ, ನಿಮ್ಮ ಜಗಳ ಕೇಳಿಸ್ಕೊಂಡು ಬಂದೆ. ಪ್ಯಾಂಟು ಹಿಂದೆ ಹರಿದುಹೋಗಿದೆ. ಗಂಟೆ ಹೊಡೆಯೋದ್ರೊಳಗೆ ಹೊಲಿದುಕೊಡಿ, ಮಾನ ಉಳಿಸಿ!

ದರ್ಜಿ: ಮೊದಲನೇ ಗಿರಾಕಿ ನೀವು, ಎಲ್ಲರೂ ಮೆಚ್ಚೋ ಹಾಗೆ ಹೊಲೀತೀನಿ ಸ್ವಾಮಿ!

ಮೇಷ್ಟ್ರು ಪರದೆಯ ಹಿಂದಿನಿಂದ ನೀಲಿ ಪ್ಯಾಂಟನ್ನು ಚಾಚಿದರು. ಮಿಷನ್ ಗಡಗಡ ಓಡಿತು. ಹೆಂಡತಿ ಡಬ್ಬಿ ಹಿಡಿದು ಬರುವ ಹೊತ್ತಿಗೆ ಮೇಷ್ಟ್ರು ಪ್ಯಾಂಟು ಹಾಕಿಕೊಂಡು ಬೀದಿಗೆ ಇಳಿಯುತ್ತಿದ್ದರು.

ಹೆಂಡತಿ: ಅಯ್ಯೋ, ನೀಲಿ ಪ್ಯಾಂಟಿಗೆ ಕಿತ್ತಳೆ ದಾರನೇನ್ರೀ!

ದರ್ಜಿ: ಮತ್ತೆ? ನೇರ ಎದುರು ಬಣ್ಣ. ನೀನೇ ಹೇಳಿದ್ದಲ್ವಾ?

ಮೇಷ್ಟ್ರು ಕತ್ತು ತಿರುಗಿಸಿ ನೋಡಿಕೊಂಡರು.

ಮೇಷ್ಟ್ರು: ಅಯ್ಯಯ್ಯೋ! ಹುಡುಗರಿಗೆ ಬೆನ್ನು ಹಾಕಿ ಲೆಕ್ಕ ಬರೆಯೋದು ಹೇಗ್ರೀ ಇನ್ಮೇಲೆ?

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಅವರು ಬೈಯುವುದನ್ನು ಅರ್ಧಕ್ಕೇ ಬಿಟ್ಟು ಓಡಿದರು. ಹೆಂಡತಿ ಅತ್ತಲೇ ನೋಡುತ್ತ ನಿಂತಳು.

ದರ್ಜಿ: ಬಯ್ಯೋದಾದ್ರೆ ಬಯ್ದುಬಿಡೇ, ಹೀಗೆ ಸುಮ್ನಿದ್ರೆ ಭಯ ಆಗುತ್ತೆ.

ಹೆಂಡತಿ: ರೀ, ಹೊಲಿಗೆ ಶಾಲೆ ಗೇಟಿನವರೆಗೂ ಕಾಣ್ತಿದೆ ಕಣ್ರೀ! ರಸ್ತೆಗೆ ರಸ್ತೇನೇ ತಿರುಗಿ ನೋಡ್ತಿದೆ!

ದರ್ಜಿ: ನೋಡಿದ್ಯಾ!

ಹೆಂಡತಿ: ನೋಡ್ತಾ ನಿಂತ್ರೆ ಆಯ್ತಾ? ಓಡ್ಹೋಗಿ ಮೇಷ್ಟ್ರನ್ನ ಕರ್ಕೊಂಡು ಬನ್ನಿ. ಅದರ ಕೆಳಗೇ ಅಂಗಡಿ ಹೆಸರೂ ಹೊಲಿದುಬಿಡಿ!