ನಮ್ಮ ಅಂಗಳದಲ್ಲಿ ಬೀಡುಬಿಟ್ಟಿರುವ ಸ್ಪೋರ್ಟ್ಸ್ ಕಾರಿನ ಸನ್ನಿಧಾನಕ್ಕೆ

ಮಾನ್ಯರೇ,

ತಮ್ಮ ಕಪ್ಪು ಮೈಬಣ್ಣಕ್ಕೂ, ಚರ್ಮದ ಸೀಟುಗಳಿಗೂ, ಬಾನೆಟ್ಟಿನ ಮೇಲೆ ಮಿನುಗುವ ಲಾಂಛನಕ್ಕೂ ಪ್ರತ್ಯೇಕ ಪ್ರತ್ಯೇಕವಾಗಿ ನಮಸ್ಕರಿಸಿ, ತಾವು ನಿಂತಲ್ಲೇ ಕ್ಷೇಮವಾಗಿರುವುದನ್ನು ಅಡುಗೆಮನೆಯ ಕಿಟಕಿಯಿಂದ ದಿನವೂ ಖಚಿತಪಡಿಸಿಕೊಳ್ಳುತ್ತಿರುವ, ಕನ್ನಡಕದ ಅಂಗಡಿ ನಡೆಸುವ ನಾನು ಅತ್ಯಂತ ವಿನಯದಿಂದ ಬರೆದುಕೊಳ್ಳುವುದೇನೆಂದರೆ:

ತಾವು ಹೊಸದಾಗಿದ್ದಾಗ, ನನ್ನ ಅಂಗಡಿಯನ್ನೂ ಅದರ ಹಿಂದಿನ ಮನೆಯನ್ನೂ ಮಾರಿದ್ದರೂ ತಮ್ಮ ಬಾಗಿಲುಗಳಷ್ಟೇ ಕೈಗೆ ಬರುತ್ತಿದ್ದವು. ಅಂಥ ತಮ್ಮನ್ನು, ನಮ್ಮ ಪುಟ್ಟ ಹಳೆಯ ಕಾರನ್ನು ಬಿಟ್ಟುಕೊಟ್ಟು ಮೇಲೊಂದಿಷ್ಟು ಸೇರಿಸಿದರೆ ಕೊಟ್ಟುಬಿಡುತ್ತೇನೆಂದು ಹಳೆಯ ಕಾರುಗಳ ವ್ಯಾಪಾರಿ ಹೇಳಿದಾಗ ನನಗೆ ನೆಲ ಕಾಣಲಿಲ್ಲ. ಇಷ್ಟು ಅಗ್ಗವೇಕೆ ಎಂದು ಕೇಳಿದ್ದಕ್ಕೆ ಆತ, "ಹಳೇ ಮಾಲೀಕ್ರು ಅಳ್ತಾ ಅಳ್ತಾ ಕೊಟ್ಟು ಹೋದ್ರು ಸಾರ್" ಎಂದ. ಅದು ಅಗಲಿಕೆಯ ಅಳು ಎಂದೇ ನಾನು ತಿಳಿದೆ. ನನ್ನ ಹೆಂಡತಿ ಮಾತ್ರ, "ಊರೋರ ಕಣ್ಣೆಲ್ಲ ಪರೀಕ್ಷೆ ಮಾಡ್ತೀರಿ, ಒಳಗೆ ಎಂಜಿನ್ ಇದ್ಯೋ ಇಲ್ವೋ ಅಂತ ಒಂದ್ಸಲ ನೋಡಬಾರ್ದಾ?" ಎಂದಳು. ನೋಡಿದೆ. ದೊಡ್ಡದೊಂದು ಪ್ಲಾಸ್ಟಿಕ್ ಮುಚ್ಚಳವಿತ್ತು. ಇಷ್ಟು ಚೆಂದದ ಮುಚ್ಚಳದ ಕೆಳಗೆ ಕೆಟ್ಟದ್ದೇನು ತಾನೇ ಇದ್ದೀತು ಎಂದು ಸಹಿ ಹಾಕಿದೆ.

ತಾವು ಗರ್ಜಿಸುತ್ತ ನಮ್ಮ ಬೀದಿಗೆ ದಯಮಾಡಿಸಿ, ಮೊದಲ ರಸ್ತೆಯುಬ್ಬಿನ ಮೇಲೆಯೇ ಹೊಟ್ಟೆ ಊರಿ ಕುಳಿತದ್ದನ್ನೂ, ಬೇಕರಿಯವರು, ಕ್ಷೌರದಂಗಡಿಯವರು ಮತ್ತು ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಅವರ ಗಿರಾಕಿ ಸೇರಿ ತಮ್ಮನ್ನು ಎತ್ತಿ, ನಮ್ಮ ಅಂಗಳದವರೆಗೆ ತಳ್ಳಿಕೊಟ್ಟದ್ದನ್ನೂ ತಾವು ಮರೆತಿರಲಾರಿರಿ. ಅಲ್ಲಿ ತಾವು ಹಳದಿ ದೀಪವೊಂದನ್ನು ಹೊತ್ತಿಸಿಕೊಂಡು ಮೌನಕ್ಕೆ ಶರಣಾದಿರಿ. ಮೆಕ್ಯಾನಿಕ್ ಬಂದು ತಮಗೆ ಕಂಪ್ಯೂಟರ್ ಜೋಡಿಸಿ, ರೋಗಿಯ ಹಾಸಿಗೆಯ ಪಕ್ಕ ನಿಂತವರಂತೆ ತಲೆಯಾಡಿಸಿ, "ಗಾಡಿ ಚೆನ್ನಾಗೇ ಇದೆ ಸಾರ್. ಆದ್ರೆ ತಾನು ಚೆನ್ನಾಗಿದೀನಿ ಅಂತ ಅದಕ್ಕೇ ನಂಬಿಕೆ ಇಲ್ಲ" ಎಂದ. ಆ ನಂಬಿಕೆಯನ್ನು ಹುಟ್ಟಿಸುವ ಬೆರಳುದ್ದದ ಭಾಗವೊಂದು ಹಡಗಿನಲ್ಲಿ ಬರಬೇಕಂತೆ. ಅದು ಬರುವವರೆಗೆ ತಮಗೆ ಬೇಸರವಾಗದಿರಲೆಂದು ಅಡುಗೆಮನೆಯಿಂದ ವೈರ್ ಎಳೆದು ಬ್ಯಾಟರಿಗೆ ಚಾರ್ಜ್ ಕೊಟ್ಟೆವು.

ಈ ನಡುವೆ ತಮ್ಮನ್ನು ನೋಡಲು ಬಂದ ನನ್ನ ಮಾವನವರು, ಬೆನ್ನು ನೀವಿಕೊಡುವ ತಮ್ಮ ಮುಂದಿನ ಸೀಟಿನಲ್ಲಿ ಒರಗಿ ಕುಳಿತವರು ಇನ್ನೂ ಇಳಿದಿಲ್ಲ. ಸ್ನಾನಕ್ಕೆ ಮಾತ್ರ ಮನೆಗೆ ಬರುತ್ತಾರೆ, ಅದೂ ಗೊಣಗಿಕೊಂಡು. ಅವರಿಗೆ ಕಾಫಿ, ಊಟ, ಪತ್ರಿಕೆ ಎಲ್ಲವೂ ತಮ್ಮ ಕಿಟಕಿಯ ಮೂಲಕವೇ ಸಲ್ಲುತ್ತಿವೆ. ಅವರ ಬೆನ್ನುನೋವು ಮಾಯವಾಗಿದೆ, ನನ್ನದು ಶುರುವಾಗಿದೆ.

ಇಷ್ಟನ್ನು ಸಹಿಸಿದ್ದೆ. ಆದರೆ ನನ್ನ ಮಗಳ ಓಟದ ತಂಡದ ಆಯ್ಕೆಯ ದಿನ ನಡೆದದ್ದನ್ನು ಹೇಳದಿರಲಾರೆ. ಎರಡು ವರ್ಷ ಅವಳು ಕಾದಿದ್ದ ದಿನ ಅದು. ಅಂದು ಮುಷ್ಕರದಿಂದ ಬಸ್ಸುಗಳಿರಲಿಲ್ಲ. ತಮಗೆ ಕೈಮುಗಿದೆ, ಸ್ಟಾರ್ಟ್ ಗುಂಡಿ ಒತ್ತಿದೆ, ತಾವು ರೇಡಿಯೋ ಹಾಡಿಸಿದಿರಿ. ಅವಳ ಕಣ್ಣು ತುಂಬಿತ್ತು. "ಅಪ್ಪಾ, ನೀನು ಇದರ ಜೊತೆ ಮಾತಾಡ್ತಾ ಇರು, ನಾನು ಹೋಗ್ತೀನಿ" ಎಂದವಳೇ ಶೂ ಬಿಗಿದು ಓಡಿದಳು. ಅವಳ ಚೀಲ ಹೊತ್ತು ನಾನೂ ಓಡಿದೆ. ಮೂರನೆಯ ತಿರುವಿನಲ್ಲಿ ಎಡವಿ ಚೀಲವೂ ನಾನೂ ಬೇರೆಬೇರೆಯಾದೆವು. ನಾನು ಕುಂಟುತ್ತ ಮೈದಾನ ತಲುಪುವಷ್ಟರಲ್ಲಿ, ಉಳಿದವರು ಇನ್ನೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗಲೇ ಓಟದ ಬಿಸಿಯಲ್ಲಿ ಬಂದು ಮುಟ್ಟಿದ್ದ ನನ್ನ ಮಗಳು ಎಲ್ಲರನ್ನೂ ಹಿಂದೆ ಹಾಕಿ ಆಯ್ಕೆಯಾಗಿದ್ದಳು! ಅವಳ ತರಬೇತುದಾರರು ನನ್ನ ಕೈ ಹಿಡಿದು, "ದಯವಿಟ್ಟು ಆ ಕಾರು ಮಾತ್ರ ರಿಪೇರಿ ಮಾಡಿಸ್ಬೇಡಿ" ಎಂದರು. ಅಂದು ಮನೆಗೆ ಮರಳುವಾಗ ನಾನು ರಸ್ತೆಬದಿಯಲ್ಲಿ ಕುಳಿತು ಅತ್ತೆ. ಖುಷಿಗೇ ಇರಬೇಕು. ತಮ್ಮ ಹಳೆಯ ಮಾಲೀಕರ ನೆನಪೂ ಆಯಿತು.

ಆದ್ದರಿಂದ, ತಮ್ಮನ್ನು ಓಡಿ ಎಂದು ಕೇಳುವ ಉದ್ಧಟತನ ನನಗಿಲ್ಲ. ಅಕ್ಕಪಕ್ಕದವರು ನೋಡುತ್ತಿರುವಾಗ ವಾರಕ್ಕೊಮ್ಮೆಯಾದರೂ ಗೇಣುದ್ದ ಮುಂದೆ ಸರಿಯಬೇಕೆಂದೂ, ಅದು ಘನತೆಗೆ ಕುಂದೆನಿಸಿದರೆ ನಾನು ಬಸ್ಸಿಗೆ ಹೊರಟಾಗ ವೈಪರ್ ಬೀಸಿ ಬೀಳ್ಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿಯೂ, ಕಾಗದಪತ್ರಗಳ ಪ್ರಕಾರ ತಮ್ಮ ಮಾಲೀಕನೂ ಆದ,
ಕನ್ನಡಕದ ಅಂಗಡಿಯವ

ತಾ.ಕ.: ಇಷ್ಟು ಬರೆದಿಟ್ಟ ಮೇಲೆ, ಆ ಭಾಗ ನಿನ್ನೆ ಬಂತು. ಮೆಕ್ಯಾನಿಕ್ ಕೂರಿಸಿದ ಕೂಡಲೇ ತಾವು ಗುಡುಗಿ ಎದ್ದಿರಿ, ಗೇಟಿನವರೆಗೆ ಸಾಗಿಯೂ ಹೋದಿರಿ. ಅಷ್ಟರಲ್ಲಿ ಮಾವನವರು ಕಿಟಕಿ ಇಳಿಸಿ, "ಅಳಿಯಂದ್ರೇ, ಮನೆ ಅಲ್ಲಾಡ್ತಾ ಇದೆ!" ಎಂದು ಕೂಗಿಕೊಂಡದ್ದರಿಂದ, ಆ ಭಾಗವನ್ನು ಬಿಚ್ಚಿಸಿ ಕೊಟ್ಟವರಿಗೇ ವಾಪಸ್ ಕಳಿಸಲಾಗಿದೆ.