ಚಿಕ್ಕಪ್ಪನ ರೆಕಾರ್ಡೂ ನನ್ನ ಗಂಟಲೂ

ಪ್ರಪಂಚದಲ್ಲಿ ಯಾರನ್ನು ಬೇಕಾದರೂ ನಂಬಿ, ಮನೆಯಲ್ಲೇ ಗ್ರಾಮಫೋನ್ ರೆಕಾರ್ಡ್ ಕೊರೆಯುವ ಚಿಕ್ಕಪ್ಪನನ್ನು ಮಾತ್ರ ನಂಬಬೇಡಿ! ನಿಮಗೆ ಅಂಥ ಚಿಕ್ಕಪ್ಪ ಇಲ್ಲವೇ? ಪುಣ್ಯವಂತರು. ನನಗೊಬ್ಬರಿದ್ದಾರೆ, ತಿರುವನಂತಪುರದ ಉಳ್ಳೂರಿನಲ್ಲಿ. ಹಗಲೆಲ್ಲ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಸಂಜೆಯಾದರೆ ಸಾಕು, ಗುಜರಿಯಿಂದ ತಂದ ಮೋಟರು, ತಿರುಗುವ ತಟ್ಟೆ, ತಾವೇ ಮಾಡಿಕೊಂಡ ಮುಳ್ಳು ಎಲ್ಲ ಹರಡಿಕೊಂಡು ಕೂತುಬಿಡುತ್ತಿದ್ದರು. ಮೈಕಿನ ಮುಂದೆ ಹಾಡಿದರೆ ಮುಳ್ಳು ನಡುಗಿ ತಟ್ಟೆಯ ಮೇಲೆ ಗೀರು ಕೊರೆಯುತ್ತದೆ. ಅದೇ ರೆಕಾರ್ಡು.

ಆಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಊರಿಗೂರೇ ಕ್ಯಾಸೆಟ್ ಬಿಟ್ಟು ಸಿ.ಡಿ. ಕಡೆ ಹೊರಟಿದ್ದರೆ ಈ ಮಹಾನುಭಾವರು ಹಿಂದಕ್ಕೆ ಹೊರಟಿದ್ದರು! ನಾನು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಆಫೀಸು ಸೇರಿದ ಹೊಸತು. ಮೊದಲ ಸಲ ಅವರ ಮನೆಗೆ ಹೋದಾಗ, "ನಿನ್ನದೊಂದು ಹಾಡು ರೆಕಾರ್ಡ್ ಮಾಡಿಕೊಡ್ತೀನಿ ಕಣೇ" ಅಂದರು. ನಾನೊಬ್ಬಳು ಪೆದ್ದಿ, ತಕ್ಷಣ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ ಇಡೀ ಬೀದಿಗೆ ಹೇಳಿದಳು. ಆಮೇಲೆ ಊರಿಗೆ ಹೋದಾಗಲೆಲ್ಲ ಎದುರುಮನೆಯವರದು ಒಂದೇ ಪ್ರಶ್ನೆ: "ಎಲ್ಲಮ್ಮಾ ನಿನ್ನ ರೆಕಾರ್ಡು?" ಮುಖ ಎಲ್ಲಿಟ್ಟುಕೊಳ್ಳಲಿ ಹೇಳಿ!

ರಜಾ ಸಿಕ್ಕಾಗಲೆಲ್ಲ ರೈಲು ಹತ್ತಿ ಉಳ್ಳೂರಿಗೆ ಓಡುತ್ತಿದ್ದೆ. ಹೋದರೆ ಹೊಸ ತಕರಾರು. ಮೊದಲು, ರೆಕಾರ್ಡಿನಲ್ಲಿ 'ಗುಂಯ್' ಅನ್ನುತ್ತಿದೆಯೆಂದು ಫ್ರಿಜ್ಜು ಆಫ್ ಮಾಡಿಸಿದರು. ಚಿಕ್ಕಮ್ಮನ ಮೀನೆಲ್ಲ ಹಾಳಾಯಿತು. ಆಮೇಲೆ ಮೋಟರಿನ ಅದುರು ತಟ್ಟೆಗೆ ತಾಕುತ್ತದಂತೆ, ಕೆಳಗೆ ಭಾರವಾದದ್ದು ಏನಾದರೂ ಬೇಕಂತೆ. ಏನು ತಂದಿಟ್ಟರು ಅಂದುಕೊಂಡಿರಿ? ಚಿಕ್ಕಮ್ಮ ಮಸಾಲೆ ಅರೆಯುವ ಕಲ್ಲು! ಅದನ್ನು ಅಡುಗೆಮನೆಯಿಂದ ಎಳೆದು ತಂದು ಮೆಷೀನಿನ ಕೆಳಗೆ ಪ್ರತಿಷ್ಠಾಪನೆ ಮಾಡಿದರು. ಅವತ್ತಿನಿಂದ ಆ ಮನೆಯಲ್ಲಿ ಚಟ್ನಿಗೆ ಗತಿಯಿಲ್ಲ. ಚಿಕ್ಕಮ್ಮ ಮಲಯಾಳಿ, ಕೊಟ್ಟಾಯಂ ಕಡೆಯವರು. ನನ್ನನ್ನು ಪಕ್ಕಕ್ಕೆ ಕರೆದು, "ವಟ್ಟಾಣು ಮೋಳೇ" ಅಂದರು. ಹುಚ್ಚು ಮಗಳೇ, ಹುಚ್ಚು! ಅವರ ಮುಖ ನೋಡಿದರೆ ಅನುವಾದವೇ ಬೇಕಿರಲಿಲ್ಲ.

ಒಳ್ಳೆಯ ಖಾಲಿ ತಟ್ಟೆಗಳು ಸಿಗುವುದು ಕಷ್ಟ. ಅದಕ್ಕೇ ಪ್ರಯೋಗಕ್ಕೆಲ್ಲ ಹಳೆಯ ಎಕ್ಸ್‌ರೇ ಹಾಳೆ. ಪಕ್ಕದ ಮನೆಯ ಅಂಕಲ್ ಬಿದ್ದು ಪಕ್ಕೆಲುಬು ಮುರಿದುಕೊಂಡರೆ ಇವರು ಕಿತ್ತಳೆ ಹಿಡಿದು ನೋಡಲು ಹೋಗಿ ಮೊದಲು ಕೇಳಿದ್ದೇನು? "ಎಕ್ಸ್‌ರೇ ನಿಮಗೆ ಇನ್ನೂ ಬೇಕಾ?" ನನ್ನ ಪಲ್ಲವಿ ಯಾರದೋ ಪಕ್ಕೆಲುಬಿನ ಮೇಲೆ ಗಿರಗಿರ ತಿರುಗುವುದನ್ನು ಈ ಕಣ್ಣಾರೆ ನೋಡಿದ್ದೇನೆ. ಯಾವ ಜನ್ಮದ ಪಾಪವೋ!

ಕೊನೆಗೆ ತಪ್ಪು ನನ್ನ ಗಂಟಲಿನ ಮೇಲೆ ಬಂತು. "ನೀನು 'ಸ' ಅಂದಾಗಲೆಲ್ಲ ಮುಳ್ಳು ಚೀರುತ್ತೆ. 'ಸ' ಇಲ್ಲದ ಹಾಡು ಹಾಡು."

"ಸಂಗೀತ ಶುರುವಾಗೋದೇ 'ಸ'ದಿಂದ ಚಿಕ್ಕಪ್ಪಾ!"

"ನೀನು 'ರಿ'ಯಿಂದ ಶುರು ಮಾಡು."

ಅಲ್ಲ, ಇದಕ್ಕೆ ನಗಬೇಕೋ ಅಳಬೇಕೋ? ಗೋಡೆಗೆ ಮುಖ ಮಾಡಿ ಹಾಡಿದೆ. ಬಾಯಿಗೆ ಕರ್ಚೀಫು ಹಿಡಿದು ಹಾಡಿದೆ. ತಟ್ಟೆಯ ನಡುವಿಗೆ ಬಂದಂತೆ ದನಿ ಮಂಕಾಗುತ್ತದೆಂದು ಕೊನೆಯ ಚರಣವನ್ನೇ ನುಂಗಿ ಹಾಡಿದೆ. ಪ್ರತಿ ಸಲವೂ ಅದೇ ಮಾತು: "ಊಹ್ಞೂ, ಮುಂದಿನ ಸಲ ನೋಡೋಣ."

ಅಷ್ಟರಲ್ಲಿ ನನಗೆ ಬೆಳಗಾವಿಗೆ ವರ್ಗವಾಯಿತು. ಇನ್ನು ಮುಂದಿನ ಸಲ ಎಲ್ಲಿಂದ ಬರಬೇಕು? ಹೊರಡುವ ಮುಂಚಿನ ಭಾನುವಾರ ಹೋದಾಗ ಒಳ್ಳೆಯ ತಟ್ಟೆ ಎರಡೇ ಉಳಿದಿದ್ದವು. ಒಂದರಲ್ಲಿ ಹಾಡಿದೆ. 'ಸ' ಚೀರಿತು. "ಪರವಾಗಿಲ್ಲ, ಹಾಗೇ ಕೊಡಿ" ಎಂದು ಕೈ ಚಾಚಿದರೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು! ಎರಡನೆಯದನ್ನು ಹಾಕಿ, ಮುಳ್ಳು ಇಳಿಸಿ, "ಹ್ಞೂ, ಹಾಡು" ಎಂದರು. ನನಗೆ ಪಿತ್ತ ನೆತ್ತಿಗೇರಿತು. ಬಾಗಿಲ ಹತ್ತಿರ ಹೋಗಿ ನಿಂತು ಶುರು ಮಾಡಿದೆ.

"ನಿಮ್ಮ ತಲೆ! ಮನೇಲಿ ಚಟ್ನಿ ಇಲ್ಲ, ಫ್ರಿಜ್ಜಿಲ್ಲ, ನನಗೆ ಊರಲ್ಲಿ ಮಾನ ಇಲ್ಲ! ಸಾಕಪ್ಪಾ ಸಾಕು, ಈ ಸುಡುಗಾಡು ಮೆಷೀನಿನ ಸಹವಾಸ ಸಾಕು!"

ಉಸಿರು ಕಟ್ಟುವ ತನಕ ಬೈದೆ. ಚಿಕ್ಕಪ್ಪ ಮುಳ್ಳು ಎತ್ತಿ, ತಟ್ಟೆಯನ್ನು ಪ್ಲೇಯರಿಗೆ ಹಾಕಿದರು. ಒಂದು 'ಸ'ವೂ ಚೀರಲಿಲ್ಲ! 'ಸುಡುಗಾಡು' ಗಂಟೆ ಹೊಡೆದ ಹಾಗೆ ಬಂದಿತ್ತು.

"ನೋಡಿದ್ಯಾ? ಮೈಕಿನಿಂದ ದೂರ ನಿಂತೆ, ಅದಕ್ಕೇ" ಎಂದು ಮಗುವಿನಂತೆ ನಕ್ಕರು.

"ಹಾಗಾದ್ರೆ ತಿರುಗಿಸಿ ಹಾಕಿ, ಆ ಮಗ್ಗುಲಲ್ಲಿ ಹಾಡ್ತೀನಿ."

ಅವರು ಹಾಡಿನ ತಟ್ಟೆಯನ್ನು ತಂದು ನನ್ನ ಕೈಗಿಟ್ಟರು. "ಇದು ನೀನು ತಗೊಂಡು ಹೋಗು. ಬೈಗುಳದ್ದು ನನಗಿರಲಿ."

"ಬೈಗುಳ ಇಟ್ಕೊಂಡು ಏನ್ ಮಾಡ್ತೀರಿ?"

"ಆಫೀಸಲ್ಲಿ ಇಂಗ್ಲಿಷಲ್ಲಿ ಬೈತಾರೆ. ಮನೇಲಿ ಅವಳೂ ಮಕ್ಕಳೂ ಮಲಯಾಳದಲ್ಲಿ ಬೈತಾರೆ. ನೀನೂ ಹೋದ್ಮೇಲೆ ನನ್ನನ್ನ ಕನ್ನಡದಲ್ಲಿ ಬೈಯೋರು ಯಾರೇ ಇದ್ದಾರೆ?"

ಬೈಗುಳದ ತಟ್ಟೆಯನ್ನು ತಿರುಗಿಸಿ ಮತ್ತೆ ಮೆಷೀನಿಗೆ ಹಾಕಿದರು. ಮುಳ್ಳು ಇಳಿಸಿದರು. "ಈ ಮಗ್ಗುಲು ಖಾಲಿ ಇದೆ. ಇನ್ನೊಂದಿಷ್ಟು ಬೈಯೇ."

ಬಾಗಿಲ ಹತ್ತಿರ ಹೋಗಿ ನಿಂತೆ. ಇಷ್ಟು ವರ್ಷ ಕರೆಯದೆಯೇ ಬರುತ್ತಿದ್ದ ಬೈಗುಳ ಅವತ್ತು ಒಂದೂ ಬರಲಿಲ್ಲ. ತಟ್ಟೆ ಮುಗಿಯುವ ತನಕ ಬರೀ ಅತ್ತೆ. ಅಳುವಿನಲ್ಲಿ 'ಸ' ಇಲ್ಲವಲ್ಲ, ಚೆನ್ನಾಗಿಯೇ ಬಂದಿರಬೇಕು.