ಅತ್ತೆಯ ಗಿಡ್ಡ ಮಾರು

ನನ್ನ ಸೋದರತ್ತೆಯ ಎರಡು ಕೈಗಳೂ ಗಿಡ್ಡ. ಇದು ಚಾಡಿ ಮಾತಲ್ಲ. ಹೂವಿನಹಡಗಲಿಯಲ್ಲಿ ಮುಡಿಗೆ ಮಲ್ಲಿಗೆ ಕೊಂಡ ಯಾವ ಹೆಂಗಸನ್ನು ಬೇಕಾದರೂ ಕೇಳಿ ನೋಡಿ. ನಮ್ಮಲ್ಲಿ ಕಟ್ಟಿದ ಹೂವನ್ನು ಮೊಳದಲ್ಲಿ, ಮಾರಿನಲ್ಲಿ ಅಳೆಯುತ್ತಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಮಾರೆಂದರೆ ಎರಡೂ ಕೈ ಅಗಲಿಸಿ ಚಾಚಿದರೆ ಆ ತುದಿಯಿಂದ ಈ ತುದಿಯವರೆಗೆ. ಯಾರ ಕೈ? ಹೂವು ಕೊಡುವವರ ಕೈ! ಅತ್ತೆಗೆ ಈ ಕೈಗಳನ್ನು ಜೋಡಿಸುವಾಗಲೇ ಇವಳು ಮುಂದೆ ಹೂವಿನ ವ್ಯಾಪಾರಕ್ಕೆ ಇಳಿಯುತ್ತಾಳೆಂದು ದೇವರಿಗೆ ಗೊತ್ತಿತ್ತೆಂದು ಕಾಣುತ್ತದೆ.

"ಯವ್ವಾ, ನಿನ್ನ ಮೊಳ ಭಾಳ ಗಿಡ್ಡ ಬಿಡು" ಎಂದು ಗಿರಾಕಿಗಳು ಗೊಣಗಿದರೆ, "ದೇವ್ರು ಕೊಟ್ಟ ಕೈ ಅವು. ನಾನೇನು ಕಡಿದು ಸಣ್ಣ ಮಾಡ್ಕಂಡೀನೇನು?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇನ್ನು ಕೊಸರು ಕೇಳಿದರಂತೂ ಮುಗಿಯಿತು. ಉಳಿದ ಹೂವಾಡಗಿತ್ತಿಯರು ಅಳತೆ ಮುಗಿದ ಮೇಲೂ ಒಂದು ಗೇಣು ಕೊಸರೆಂದು ಬಿಟ್ಟು ದಾರ ಕತ್ತರಿಸುತ್ತಾರೆ. ನಮ್ಮತ್ತೆ ಮೂವತ್ತು ವರ್ಷದಲ್ಲಿ ಒಂದು ಮೊಗ್ಗನ್ನೂ ಕೊಸರು ಕೊಟ್ಟವಳಲ್ಲ. ಹೊರಗಿನವರ ಮಾತು ಬಿಡಿ, ನನ್ನ ಮದುವೆಗೆ ಅವಳೇ ಅಳೆದು ತಂದ ಹೂವು ಜಡೆಯ ಅರ್ಧಕ್ಕೇ ಮುಗಿದುಹೋಯಿತು. ಫೋಟೋದವನಿಗೆ ಮುಂದಿನಿಂದ ಮಾತ್ರ ತೆಗೆಯಪ್ಪಾ ಎಂದು ಹೇಳಬೇಕಾಯಿತು.

ಅವಳು ಬುಟ್ಟಿ ಇಟ್ಟುಕೊಂಡು ಕೂರುವುದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಸಾಲಾಗಿ ಹೂವಿನ ಬುಟ್ಟಿಗಳು, ಒಂದು ಚಹಾ ಅಂಗಡಿ, ಒಂದು ಬಳೆ ಅಂಗಡಿ, ಕೊನೆಗೆ ನನ್ನ ಟೇಲರ್ ಅಂಗಡಿ. ಕೊರೋನಾ ಬಂದು ಓಣಿ ಮುಚ್ಚಿದಾಗ ನನ್ನ ಅಂಗಡಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಲ್ಲಿಗೆ ಗಿಡಗಳಿಗೆ ಲಾಕ್‌ಡೌನ್ ಎಂದರೆ ಏನು ತಿಳಿಯಬೇಕು? ಅವು ತಮ್ಮ ಪಾಡಿಗೆ ಮೊಗ್ಗು ಬಿಡುತ್ತಲೇ ಇದ್ದವು. ಕೊಟ್ಟೂರಿಗೆ, ಕೂಡ್ಲಿಗಿಗೆ, ಹರಪನಹಳ್ಳಿಗೆ ಹೂವಿನ ಗಂಟು ಒಯ್ಯುವ ಬಸ್ಸುಗಳು ಮಾತ್ರ ನಿಂತಿದ್ದವು. ಕೈ ಸುಮ್ಮನಿರಲೊಲ್ಲದೆಂದು ಅತ್ತೆ ದಿನವೂ ಹೂವು ಕಟ್ಟಿ ಮನೆಯ ಎಮ್ಮೆಯ ಕೋಡಿಗೆ ಸುತ್ತತೊಡಗಿದಳು. "ಎಮ್ಮಿ ನೋಡು, ಗಿಡ್ಡ ಆತು ಅಂತ ಒಂದಿನಾನೂ ಅಂದಿಲ್ಲ" ಎಂದು ನನಗೆ ಫೋನಿನಲ್ಲಿ ಹೇಳಿದಳು.

ಕಡೆಗೊಂದು ದಿನ ಪುರಸಭೆಯವರು ಓಣಿ ತೆರೆಯಲು ಒಪ್ಪಿದರು. ಎಲ್ಲರಿಗೂ ಮಾಸ್ಕ್ ಇರಬೇಕು, ಕೈ ತೊಳೆಯಲು ಸಾಬೂನು ನೀರು ಇರಬೇಕು, ಗಿರಾಕಿಗಳ ನಡುವೆ ಆರಡಿ ದೂರವಿರಬೇಕು. ಗುಂಪು ಕಂಡರೆ ಇಡೀ ಓಣಿ ಮತ್ತೆ ಬಂದ್. ಮಾಸ್ಕನ್ನು ನಾನು ಹೊಲಿದೆ. ನೀರಿನ ಕೊಡವನ್ನು ಚಹಾ ಅಂಗಡಿಯವನು ಇಟ್ಟ. ತನ್ನ ಅಂಗಡಿಯ ಬಾಗಿಲಿಗೇ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಆಳು ಅವನು. ಆರಡಿ ಅಳೆಯುವವರು ಯಾರು ಎಂಬ ಮಾತು ಬಂದಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಆರಡಿ ಅಂದ್ರ ಒಂದು ಮಾರು. ಅದನ್ನ ಅಳಿಯಾಕ ನನ್ನ ಬಿಟ್ಟು ಈ ಓಣ್ಯಾಗ ಇನ್ಯಾರದಾರ?"

ಆ ದಿನ ಸಂಜೆಯವರೆಗೂ ಅವಳು ಓಣಿಯುದ್ದಕ್ಕೂ ಕೈ ಚಾಚುತ್ತಾ ಅಳೆದು, ಮಾರಿಗೊಂದರಂತೆ ಗಿರಾಕಿ ನಿಲ್ಲುವ ಜಾಗ ಗುರುತು ಮಾಡಿದಳು. ಬರೀ ದುಂಡಗೆ ಗೆರೆ ಎಳೆದರೆ ಸಾಕಿತ್ತು. ಆದರೆ ತಿಂಗಳುಗಟ್ಟಲೆ ಮುಚ್ಚಿದ್ದ ಓಣಿ ತೆರೆಯುತ್ತಿದೆಯಲ್ಲ, ಸಂತೋಷ ಹೆಚ್ಚಾಗಿ ರಂಗೋಲಿ ಪುಡಿಯಲ್ಲಿ ಎಂಟೆಸಳಿನ ಕಮಲ ಬರೆದು ಅರಿಶಿನ ಕುಂಕುಮವನ್ನೂ ಹಾಕಿಬಿಟ್ಟಳು. ಮರುದಿನ ಬೆಳಿಗ್ಗೆ ಗಿರಾಕಿಗಳು ಬಂದರು. ಅರಿಶಿನ ಕುಂಕುಮ ಹಾಕಿದ ರಂಗೋಲಿಯ ಮೇಲೆ ಕಾಲಿಡುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿದ್ದಾಳೆಯೇ? ಕಮಲಗಳನ್ನೆಲ್ಲ ಖಾಲಿ ಬಿಟ್ಟು ಎಲ್ಲರೂ ನಡುವಿನ ಸಂದಿಗಳಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು.

"ಒಳಗ ನಿಂದರ್ರಿ, ಕಮಲದಾಗ!" ಎಂದು ಅತ್ತೆ ಕೂಗಿದಳು.

"ನಾವೇನು ಲಕ್ಷ್ಮಿ ಏನಬೇ, ಕಮಲದಾಗ ನಿಂದ್ರಾಕ?" ಎಂದಿತು ಗುಂಪಿನಿಂದೊಂದು ದನಿ.

ಅತ್ತೆಯೇ ಕಸಬರಿಗೆ ತಂದು ಅಷ್ಟನ್ನೂ ಗುಡಿಸಿ, ಅದೇ ಜಾಗದಲ್ಲಿ ಸುಣ್ಣದ ಗುಂಡು ಗೆರೆ ಹಾಕಿದಳು. ಅಷ್ಟರಲ್ಲಿ ಪುರಸಭೆಯ ಅಧಿಕಾರಿಗಳು ಬಂದರು. ಗೆರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇದು ಆರಡಿ ಐತೇನ್ರಿ? ಟೇಪ್ ಯಾರ ಹತ್ರ ಐತಿ?"

ಇಡೀ ಓಣಿ ನನ್ನ ಕಡೆ ನೋಡಿತು. ಹಾಳು ಟೇಪು ನನ್ನ ಕೊರಳಲ್ಲೇ ನೇತಾಡುತ್ತಿತ್ತು. ತೆಗೆದುಕೊಡದೆ ಏನು ಮಾಡಲಿ? ಗೆರೆಯಿಂದ ಗೆರೆಗೆ ಅಳೆದು ಕಾಗದದಲ್ಲಿ ಬರೆದುಕೊಂಡರು. ಐದಡಿಗೂ ಎರಡು ಬೆರಳು ಕಡಿಮೆ.

ಓಣಿ ಮತ್ತೆ ಮುಚ್ಚಿತೆಂದೇ ನಾನು ಅಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಮಾಸ್ಕು ಸರಿಸದೆಯೇ ಹೇಳಿದಳು: "ಮೂವತ್ತು ವರ್ಷದಿಂದ ಇದನ್ನ ಹೇಳಾಕತ್ತೀವ್ರಿ ಸಾಹೇಬ್ರ. ಇವತ್ತು ಕಾಗದದ ಮ್ಯಾಲೆ ಬಂತು ನೋಡ್ರಿ."

ಅಧಿಕಾರಿಗಳೂ ನಕ್ಕುಬಿಟ್ಟರು. ಆ ನಗು ನಮ್ಮನ್ನು ಉಳಿಸಿತು. ನಾಳೆ ಬೆಳಗಾಗುವುದರೊಳಗೆ ಸರಿ ಮಾಡಿ ಎಂದು ಹೇಳಿ ಹೋದರು. ಅತ್ತೆ ಚಹಾ ಅಂಗಡಿಯವನನ್ನು ಹಿಡಿದು ತಂದು, ಓಣಿಯ ಆ ತುದಿಯಿಂದ ಈ ತುದಿಯವರೆಗೆ ಕೈ ಚಾಚಿ ನಿಲ್ಲಿಸುತ್ತಾ ಹೊಸ ಗೆರೆ ಎಳೆದಳು. ಅವನ ಮಾರು ಆರಡಿ ತುಂಬಿ ಮೇಲೆ ಉಳಿಯುತ್ತಿತ್ತು. ಇದನ್ನು ನೋಡಿದ ಗಿರಾಕಿಗಳು ಸುಮ್ಮನಿರುತ್ತಾರೆಯೇ? "ಹೂವನ್ನೂ ಅವನ ಕೈಲೇ ಅಳೆಸಿ ಕೊಡಬೇ" ಎಂದು ಶುರುಮಾಡಿದರು. ಅತ್ತೆಯ ಸಿಟ್ಟು ಟೇಪು ಕೊಟ್ಟ ನನ್ನ ಮೇಲೆ ತಿರುಗಿತು. ವಾರದವರೆಗೆ ನನ್ನೊಂದಿಗೆ ಮಾತಿಲ್ಲ. ಏನಾದರೂ ಹೇಳಬೇಕಾದರೆ ಚಹಾದವನ ಕಡೆ ತಿರುಗಿ, "ಟೇಪಿನಾಕಿಗೆ ಹೇಳಪಾ, ಮಾಸ್ಕ್ ಇನ್ನೂ ಹತ್ತು ಬೇಕಂತ" ಎನ್ನುವಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಆದರೆ ಒಂದು ಮಾತು ಹೇಳಲೇಬೇಕು. ಆ ಓಣಿ ಮತ್ತೆ ಒಂದು ದಿನವೂ ಮುಚ್ಚಲಿಲ್ಲ. ಅದಕ್ಕೆ ಕಾರಣ ಅತ್ತೆಯ ಬಾಯಿ. ಗೆರೆ ದಾಟಿದವರಿಗೆ, ಮಾಸ್ಕನ್ನು ಗದ್ದಕ್ಕೆ ಇಳಿಸಿದವರಿಗೆ, ಕೈ ತೊಳೆಯದೆ ಮಲ್ಲಿಗೆ ಮುಟ್ಟಿ ನೋಡುವವರಿಗೆ ಅವಳು ಒಬ್ಬಳೇ ಉತ್ತರ ಕೊಡುತ್ತಿದ್ದಳು. ತಾವು ಊರಿನ ಯಜಮಾನರೆಂದು ಮೀಸೆ ತಿರುವಿಕೊಂಡು ಬಂದವರನ್ನೂ ಗೆರೆಯೊಳಗೆ ನಿಲ್ಲಿಸಿ ಸರದಿ ಕಾಯಿಸಿದಳು. ನಮ್ಮ ಹತ್ತಾರು ಮನೆಗಳ ಒಲೆ ಉರಿದದ್ದು ಅವಳ ಆ ಜಗಳಗಂಟಿತನದಿಂದ.

ಓಣಿ ತೆರೆದು ಎರಡು ತಿಂಗಳಾದ ಮೇಲೆ ರೋಗ ನನಗೇ ಬಂತು. ಮೂರು ವಾರ ಮನೆಯೊಳಗಿದ್ದೆ. ಅಷ್ಟೂ ದಿನ ಬಾಗಿಲ ಹೊರಗೆ ಬೆಳಿಗ್ಗೆ ಅನ್ನ, ಸಂಜೆ ಗಂಜಿ ಇಟ್ಟು, ದೂರದಿಂದ ಕೂಗಿ ಹೋದವಳು ಅತ್ತೆ. ಇನ್ನು ಭಯವಿಲ್ಲವೆಂದು ಡಾಕ್ಟರು ಹೇಳಿದ ಮೇಲೂ ನಾಲ್ಕು ದಿನ ಕಾದು ಅಂಗಡಿ ತೆರೆದೆ. ಒಬ್ಬರೂ ಬರಲಿಲ್ಲ. ಅವರನ್ನು ಬೈಯುವಂತಿರಲಿಲ್ಲ. ಹೂವನ್ನು ದೂರದಿಂದ ಕೊಡಬಹುದು. ಕುಪ್ಪಸದ ಅಳತೆಯನ್ನು ದೂರದಿಂದ ತೆಗೆಯಲಾಗುತ್ತದೆಯೇ? ಮೈಗೆ ಟೇಪು ಸುತ್ತಬೇಕು, ಕುತ್ತಿಗೆಯ ಬಳಿ ಉಸಿರು ತಾಗುವಷ್ಟು ಹತ್ತಿರ ನಿಲ್ಲಬೇಕು. ಐದು ದಿನ ಯಂತ್ರಕ್ಕೆ ಎಣ್ಣೆ ಬಿಡುತ್ತಾ ಕೂತೆ. ಆರನೆಯ ದಿನ, ಅಂಗಡಿ ಖಾಲಿ ಮಾಡಿಬಿಡುವುದೆಂದು ನಿರ್ಧರಿಸಿ ಬಾಗಿಲು ಎಳೆಯಲು ಎದ್ದೆ.

ಓಣಿ ತುಂಬಿದ್ದ ಹೊತ್ತು. ಅತ್ತೆ ಬುಟ್ಟಿ ಬಿಟ್ಟು ಎದ್ದು ಬಂದು, ನನ್ನ ಅಂಗಡಿಯ ಮುಂದಿನ ಗೆರೆಯೊಳಗೆ ನಿಂತು, ಎರಡೂ ಕೈ ಅಗಲಿಸಿ ಚಾಚಿದಳು. ದೂರ ಅಳೆಯುತ್ತಿದ್ದಾಳೆಂದು ತಿಳಿದು ನಾನು ಹಿಂದೆ ಸರಿದೆ.

"ಹಿಂದಕ್ಕ ಯಾಕ ಸರೀತಿಯಬೇ? ಕುಪ್ಪಸ ಹೊಲಿಸ್ಬೇಕಾಗೈತಿ. ಅಳತಿ ತಗ."

ಹುಟ್ಟಿದಾಗಿನಿಂದ ತನ್ನ ಕುಪ್ಪಸವನ್ನು ತಾನೇ ಕೈಯಲ್ಲಿ ಹೊಲಿದುಕೊಂಡ ಹೆಂಗಸು ಅವಳು.

"ಅತ್ತಿ, ಎಲ್ಲಾರೂ ನೋಡಾಕತ್ತಾರ" ಎಂದೆ.

"ನೋಡ್ಲಿ ಅಂತಾನ ಬಂದೀನಿ."

ಟೇಪು ತೆಗೆದೆ. ಅವಳ ಬೆನ್ನಿನ ಸುತ್ತ ಕೈ ಹಾಕಿದೆ. ಮಾಸ್ಕಿನೊಳಗೆ ಅಳು ಬಂದು ಟೇಪಿನ ಮೇಲಿನ ಒಂದು ಅಂಕಿಯೂ ಕಾಣಲಿಲ್ಲ. ಅವಳು ಚಾಚಿದ ಕೈ ಇಳಿಸಲಿಲ್ಲ, ಅವಸರ ಮಾಡಲಿಲ್ಲ. ಆ ಸಂಜೆ ಬಳೆ ಅಂಗಡಿಯವಳು ಬಟ್ಟೆ ಹಿಡಿದು ಬಂದಳು. ಮರುದಿನ ಇನ್ನೂ ಮೂವರು ಬಂದರು. ನನ್ನ ಅಂಗಡಿ ಇವತ್ತಿಗೂ ಇದೆ. ಇದರ ಋಣವನ್ನು ನಾನು ಯಾವ ಟೇಪಿನಲ್ಲಿ ಅಳೆಯಲಿ?

ಅಂದಾಜಿನಲ್ಲೇ ಹೊಲಿದ ಕುಪ್ಪಸ ಅವಳಿಗೆ ವಿಪರೀತ ಸಡಿಲಾಯಿತು. ತೋಳು ಮೊಣಕೈ ದಾಟಿ ಇಳಿದಿತ್ತು. "ಬಿಚ್ಚಿ ಹೊಲಿದು ಕೊಡ್ತೀನಿ ಅತ್ತಿ" ಎಂದರೆ ಕೊಡಲೊಲ್ಲಳು.

"ಇರ್ಲಿ ಬಿಡು. ಕೊಸರು ಹಾಕಿ ಕೊಟ್ಟಿದ್ದಿ" ಎಂದು ಅದನ್ನೇ ತೊಟ್ಟು ಹೋಗಿ ಬುಟ್ಟಿಯ ಹಿಂದೆ ಕುಳಿತಳು.